ಹುರುಳಿ ಹೊಲದ ಗೊರಸುಗಳು

ಹೋದ ಭಾನುವಾರ ನಿಮ್ಮಪ್ಪ ಕುರಿಕಾಲು ತಂದಿದ್ದ. ನಿಮ್ಮಮ್ಮ ಅವನ್ನು ಗ್ಯಾಸಿನ ಉರಿಗೆ ಹಿಡಿದು ಸುಡುತ್ತಿದ್ದ ಹಾಗೆ ಮನೆಯೆಲ್ಲ ಕೂದಲು ಸುಟ್ಟ ಕಮಟು ತುಂಬಿಕೊಂಡಿತು. ನೀವಿಬ್ಬರೂ ಮೂಗು ಮುಚ್ಚಿಕೊಂಡು ಮಹಡಿಗೆ ಓಡಿದಿರಿ. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆ.

"ಯಾಕತ್ತೆ, ತಲೆ ಗಿಲೆ ಸುತ್ತುತಾ?" ಎಂದು ನಿಮ್ಮಮ್ಮ ಕೇಳಿದಳು.

ಇಲ್ಲವೆಂದು ತಲೆಯಾಡಿಸಿ ಬಂದು ಕೂತೆ. ಹೇಳಬೇಕಾದ್ದನ್ನು ಆ ಹೊತ್ತಿಗೇ ಹೇಳುವ ಅಭ್ಯಾಸ ನನಗೆ ಮೊದಲಿಂದಲೂ ಇಲ್ಲ. ತವರೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದೇನೆ. ಬಾಯಿಗೆ ಬಾರದ್ದು ಕೈಗಾದರೂ ಬಂದೀತು ಎಂದು ಈಗ ಬರೆಯುತ್ತಿದ್ದೇನೆ. ಆ ವಾಸನೆ ನನಗೆ ಒಬ್ಬ ಹುಡುಗಿಯನ್ನು ನೆನಪಿಗೆ ತಂದಿತು. ನೀವು ಅವಳನ್ನು ನೋಡಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಿಮ್ಮ ತಾತ ಬಸ್ ಡ್ರೈವರ್ ಆಗಿದ್ದರು. ಒಂದು ಬೆಳಗ್ಗೆ ಡ್ಯೂಟಿಗೆ ಹೊರಟವರು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತರು, ಮತ್ತೆ ಏಳಲಿಲ್ಲ. ಹಾಸನದ ಆ ಮನೆಯಲ್ಲಿ ನಾನು ನಿಮ್ಮಪ್ಪನನ್ನು ಕಟ್ಟಿಕೊಂಡು ಉಳಿದೆ. ಅವನಿನ್ನೂ ಪ್ರೈಮರಿ ಶಾಲೆಯಲ್ಲಿದ್ದ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯನ್ನು ಕಾಲೇಜು ಓದುವ ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಡುವುದೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು. ಮೊದಲು ಬಂದವಳೇ ಅವಳು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆಯವಳು, ಹೊಗೆಸೊಪ್ಪು ಬೆಳೆಯುವವರ ಮಗಳು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಅವಳ ಟ್ರಂಕು ತೆಗೆದರೆ ಬಟ್ಟೆಗಳಿಂದ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಬಿಸಿ ವಾಸನೆ ಹೊಡೆಯುತ್ತಿತ್ತು. ಅವಳ ಹೆಸರನ್ನು ನಾನು ಬರೆಯುವುದಿಲ್ಲ. ಹೆಸರು ಬರೆದರೆ ಯಾರೋ ಬೇರೆಯವರ ವಿಷಯ ಹೇಳಿದ ಹಾಗಾಗುತ್ತದೆ. ನಮಗೆ ಅವಳು ಮುಂದಿನ ಕೋಣೆಯ ಹುಡುಗಿ.

ಬಂದ ಹೊಸದರಲ್ಲಿ ಒಂದು ಭಾನುವಾರ ನಾನು ಹಿತ್ತಲಿನ ಸೌದೆ ಒಲೆಯಲ್ಲಿ ಕುರಿಕಾಲು ಸುಡುತ್ತಿದ್ದೆ. ವಾಸನೆ ಹಿಡಿದುಕೊಂಡು ಓಡಿಬಂದಳು.

"ಅಕ್ಕಾ, ತಡೀರಿ ತಡೀರಿ. ಒಂದು ಕಾಲು ನಂಗೆ ಕೊಡಿ."

"ತಿನ್ನಕ್ಕಾ?"

"ನೋಡಕ್ಕೆ."

ಪೇಪರು ಹಾಸಿಕೊಂಡು, ಬ್ಲೇಡು ತಂದು ಕೂತೇಬಿಟ್ಟಳು. ಗೊರಸನ್ನು ಎರಡಾಗಿ ಅಗಲಿಸಿ ನನ್ನ ಮುಂದೆ ಹಿಡಿದಳು. "ಇದು ಪಾದ ಅಲ್ಲ ಕಣಕ್ಕ, ಎರಡು ಬೆರಳು. ನಮ್ಮ ನಡುಬೆರಳು, ಉಂಗುರದ ಬೆರಳು ಇದಾವಲ್ಲ, ಅವೆರಡೇ. ಗೊರಸು ಅಂದ್ರೆ ಉಗುರು. ಕುರಿ ಹುಟ್ಟಿದಾಗಿಂದ ಸಾಯೋಗಂಟ ಉಗುರಿನ ಮೇಲೇ ನಿಂತಿರ್ತದೆ. ಹಿಂಗಾಲಲ್ಲಿ ಮೊಣಕಾಲು ಹಿಂದಕ್ಕೆ ಬಗ್ಗಿದಂಗೆ ಕಾಣ್ತದಲ್ಲ, ಅದು ಮೊಣಕಾಲಲ್ಲ, ಹಿಮ್ಮಡಿ."

ನಾನು ಮದುವೆಯಾಗುವವರೆಗೂ ದನ ಕುರಿಗಳ ನಡುವೆಯೇ ಬೆಳೆದವಳು. ಹಾಲು ಕರೆದಿದ್ದೇನೆ, ಕೊಟ್ಟಿಗೆ ಬಳಿದಿದ್ದೇನೆ, ಗಬ್ಬದ ಹಸುವಿಗೆ ಹುರುಳಿ ಬೇಯಿಸಿ ಇಟ್ಟಿದ್ದೇನೆ. ಅವು ಯಾವುದರ ಮೇಲೆ ನಿಂತಿವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅವಳು ಕೋಣೆಗೆ ಹೋದ ಮೇಲೆ ಒಲೆಯ ಮುಂದೆ ಒಬ್ಬಳೇ ಬೆರಳ ತುದಿಯಲ್ಲಿ ನಿಂತು ನೋಡಿದೆ. ಒಂದು ಗಳಿಗೆಯೂ ಆಗಲಿಲ್ಲ, ಗೋಡೆ ಹಿಡಿದುಕೊಂಡೆ. ಅಷ್ಟು ದೊಡ್ಡ ಎತ್ತುಗಳು, ಬಂಡಿ ತುಂಬ ಭಾರ ಎಳೆದುಕೊಂಡು ಊರಿಂದೂರಿಗೆ ಉಗುರಿನ ಮೇಲೆ ಹೋಗುತ್ತವೆ...

ಆಮೇಲೆ ನನಗೂ ಅದೊಂದು ರುಚಿ ಹತ್ತಿತು. ಅವಳು ಕಾಲೇಜಿನಿಂದ ಬರುವುದನ್ನೇ ಕಾಯುತ್ತಿದ್ದೆ. ಅವಳಿಗೆ ಎಲ್ಲ ಪ್ರಾಣಿಯೂ ಬೇಕು, ಆದರೆ ಗೊರಸಿನವು ಎಂದರೆ ಪ್ರಾಣ. ಕಡವೆ, ಕಾಡೆಮ್ಮೆ, ಕಾಡುಕುರಿ, ಮೊಲಕ್ಕಿಂತ ಸ್ವಲ್ಪ ದೊಡ್ಡದಿರುವ ಕೂರ... ಜಿಂಕೆಯ ಕೊಂಬು ಪ್ರತಿ ವರ್ಷ ಉದುರಿ ಹೊಸದು ಬರುತ್ತದಂತೆ, ಮರಕ್ಕೆ ಎಲೆ ಬಂದ ಹಾಗೆ. ಕುದುರೆ ಒಂದೇ ಬೆರಳಿನ ಮೇಲೆ ಓಡುತ್ತದಂತೆ. ಊರಲ್ಲಿ ಆನೆ ಬಂದು ಹೊಗೆಸೊಪ್ಪಿನ ಹೊಲ ತುಳಿದು ಹೋದರೆ ಅವರಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡು ಕೂತಿದ್ದಾಗ ಇವಳು ಆನೆಯ ಹೆಜ್ಜೆಗೆ ದಾರ ಸುತ್ತಿ ಅಳೆಯುತ್ತಿದ್ದಳಂತೆ. "ಅಪ್ಪ ಅವತ್ತು ಅದೇ ದಾರದಲ್ಲಿ ಬಾರಿಸಿದ್ರು," ಎಂದು ನಗುತ್ತಿದ್ದಳು.

ಒಮ್ಮೆ ದೊಡ್ಡಗದ್ದವಳ್ಳಿಯ ದೇವಸ್ಥಾನಕ್ಕೆ ಹೋಗಿದ್ದೆವು. ದೇವರಿಗೆ ಕೈ ಮುಗಿದವಳೇ ಹಿಂದಿನ ಕೆರೆಯ ಏರಿಯ ಮೇಲೆ ಹೋಗಿ ಕೂತಳು. ಕೆರೆಯಲ್ಲಿ ಎಮ್ಮೆಗಳು ಬಿದ್ದುಕೊಂಡಿದ್ದವು. ಕೆಸರಿನಲ್ಲಿ ಹೂತುಕೊಳ್ಳದಿರಲಿ ಎಂದು ಅವುಗಳ ಗೊರಸು ಹೇಗೆ ಅಗಲವಾಗಿ ಅರಳುತ್ತದೆ ಎಂದು ತೋರಿಸಿದಳು. ಎಮ್ಮೆಗಳು ಮೆಲುಕು ಹಾಕುತ್ತಿದ್ದವು.

"ಹುಲ್ಲು ತಿನ್ನೋವಕ್ಕೆ ಯಾವಾಗ್ಲೂ ಭಯ ಅಕ್ಕ. ಬಯಲಲ್ಲಿ ನಿಂತು ನಿಧಾನಕ್ಕೆ ಅಗೀತಾ ಇದ್ರೆ ತೋಳ ಬಂದ್ಬುಡ್ತದೆ. ಅದಕ್ಕೆ ಅಗೀದಂಗೇ ನುಂಗಿ, ಮರೆಗೆ ಹೋಗಿ ಕೂತು, ವಾಪಸ್ ತಂದ್ಕಂಡು ಅಗಿಯೋದು." ನನ್ನ ಮುಖ ನೋಡಿ ಕಣ್ಣು ಕಿರಿದು ಮಾಡಿದಳು. "ನೀವೂ ಅಂಗೇ ಕಣಕ್ಕ. ಯಾರಾರ ಏನಾರ ಅಂದ್ರೆ ಆಗ ನುಂಗ್ಬುಡ್ತೀರ. ಆಮೇಲೆ ಒಲೆ ಮುಂದೆ ಕೂತ್ಕಂಡು ಅಗೀತೀರ."

ನಿಮ್ಮ ತಾತ ಹೋದ ಮೇಲೆ ನಾನು ಬಾಯಿಬಿಟ್ಟು ನಕ್ಕಿದ್ದು ಅವತ್ತೇ ಮೊದಲು.

ನಾನು ನಿಮಗೆ ಹೇಳಬೇಕೆಂದಿರುವುದು ಇದಾದ ಸ್ವಲ್ಪ ದಿನಗಳ ಮೇಲೆ ನಡೆದದ್ದು. ನಿಮ್ಮ ತಾತನ ವರ್ಷದ ಎಡೆಗೆ ನಾವು ಊರಿಗೆ ಹೊರಟೆವು. ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಯ ಆಚೆ ಎಂದು ನಿಮಗೆ ಗೊತ್ತಲ್ಲ. ಅಲ್ಲಿ ನಮ್ಮ ಹೊಲಗಳ ಅಂಚಿಗೆ ಒಂದು ಕಾವಲು ಇತ್ತು. ಕಾವಲು ಎಂದರೆ ಹಿಂದೆ ಅರಮನೆಯ ದನಗಳ ಮೇವಿಗೆಂದು ಉಳುಮೆ ಮಾಡದೆ ಬಿಟ್ಟಿದ್ದ ಹುಲ್ಲಿನ ಬಯಲು. ಅಲ್ಲಿ ಜಿಂಕೆಗಳು ಇವೆ ಎಂದು ಮಾತಿನ ನಡುವೆ ಹೇಳಿಬಿಟ್ಟಿದ್ದೆ. ಅವಳು ಎರಡು ದಿನ ಬಿಡದೆ ಕೇಳಿದಳು. ಕೊಂಬು ಕವಲಾಗಿದೆಯೋ, ತಿರುಚಿಕೊಂಡಿದೆಯೋ? ಗಂಡು ಕಪ್ಪಗಿದೆಯೋ? ತಿರುಚಿದೆ, ಕಪ್ಪಗಿದೆ ಅಂದೆ. "ಹಂಗಾದ್ರೆ ಅದು ಕೃಷ್ಣಮೃಗ ಅಕ್ಕ," ಎಂದವಳೇ ನಮ್ಮ ಜೊತೆ ಹೊರಡಲು ಬಟ್ಟೆ ತುಂಬಿಕೊಂಡಳು.

ಎಡೆಯ ಹಿಂದಿನ ದಿನ ಮಧ್ಯಾಹ್ನ ಹಿರೀಸಾವೆಯಲ್ಲಿ ಬಸ್ಸಿಳಿದು ಊರು ಸೇರಿದೆವು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಗ ಹೋದ ಮೇಲೆ ಒಂದು ವರ್ಷದಿಂದ ಅವರ ಮುಖದಲ್ಲಿ ಇಲ್ಲದ ಬೆಳಕು ಅವತ್ತು ಇತ್ತು.

"ಕಾಲು ತೊಳ್ಕಂಡು ಒಳಿಕ್ ಬಾ. ಮನೆಗೆ ಯಾರು ಬಂದವ್ರೆ ನೋಡು," ಅಂದರು.

ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಒಂದು ಜಿಂಕೆಮರಿ ಮಲಗಿತ್ತು. ಅಂಗೈ ಅಗಲದ ಮುಖ, ಅದರ ತುಂಬ ಕಣ್ಣು. ಕಾಲುಗಳು ಪೊರಕೆ ಕಡ್ಡಿಯ ಹಾಗೆ. ಮೈಯೆಲ್ಲ ಅರಿಶಿನ ಬಳಿದು ಹಳದಿಯಾಗಿತ್ತು. ಹಣೆಗೆ ಕುಂಕುಮ, ಕೊರಳಿಗೆ ಕರಿ ದಾರದಲ್ಲಿ ಕರುವಿನ ಗೆಜ್ಜೆ. ನಮ್ಮ ಕಡೆ ಹೊಸ ದನ ಮನೆಗೆ ಬಂದರೆ ಕಾಲು ತೊಳೆದು, ಗೊರಸಿಗೂ ಹಣೆಗೂ ಅರಿಶಿನ ಕುಂಕುಮ ಇಟ್ಟು, ಆರತಿ ಬೆಳಗಿ ಒಳಗೆ ಬಿಟ್ಟುಕೊಳ್ಳುವುದು ಪದ್ಧತಿ. ಅತ್ತೆ ಅದನ್ನೇ ಮಾಡಿಸಿದ್ದರು. ಪುಟ್ಟ ಮರಿಯಾದ್ದರಿಂದ ಪ್ರೀತಿ ಹೆಚ್ಚಾಗಿ ಮೈಗೆಲ್ಲ ಅರಿಶಿನದ ನೀರು ಹಾಕಿ ಮೀಯಿಸಿದ್ದರು.

ತಂದವನು ನನ್ನ ಮೈದುನ. "ಬೆಳಿಗ್ಗೆ ಹುರುಳಿ ಕೀಳಾಕೆ ಹೋಗಿದ್ದೆ ಅತ್ಗೆ. ಗಿಡದ ಬುಡ್ದಲ್ಲಿ ಕಲ್ಲಂಗೆ ಬಿದ್ದಿತ್ತು. ಹತ್ರ ತಾಯಿ ಗೀಯಿ ಯಾವ್ದೂ ಇಲ್ಲ. ನಾಯಿ ಪಾಲಾಯ್ತದಲ್ಲ ಅಂತ ಟವಲ್‌ನಾಗೆ ಸುತ್ಕಂಡು ಬಂದೆ."

ಹುಡುಗಿ ಮರಿಯ ಮುಂದೆ ಮಂಡಿಯೂರಿದಳು. ಮುಟ್ಟಲಿಲ್ಲ. ಅವಳು ಇಷ್ಟು ದಿನ ಪುಸ್ತಕದ ಚಿತ್ರದಲ್ಲಿ ನೋಡುತ್ತಿದ್ದ ಪ್ರಾಣಿ ಕೈಗೆಟುಕುವಷ್ಟು ಹತ್ತಿರ ಇತ್ತು. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಿಳಿಚಿಕೊಂಡಿತ್ತು.

"ಅಣ್ಣ, ಇದನ್ನ ತಾಯಿ ಬಿಟ್ಟು ಹೋಗಿರ್ಲಿಲ್ಲ. ಬಚ್ಚಿಟ್ಟು ಹೋಗಿತ್ತು," ಅಂದಳು. "ಓಡೋ ಶಕ್ತಿ ಬರೋಗಂಟ ಮರೀನ ಒಂದು ಕಡೆ ಮಲಗಿಸಿ ದೂರ ಹೋಗಿ ಮೇಯ್ತದೆ. ತಾನು ಹತ್ರ ನಿಂತ್ರೆ ತನ್ನ ನೋಡ್ಕಂಡು ನರಿ ನಾಯಿ ಬತ್ತವೆ ಅಂತ. ಬೆಳಿಗ್ಗೆ ಸಂಜೆ ಬಂದು ಹಾಲು ಕೊಟ್ಟು ಹೋಯ್ತದೆ. ಅಲ್ಲೀಗಂಟ ಮರಿ ಅಲ್ಲಾಡಲ್ಲ, ಕೂಗಲ್ಲ. ಇವತ್ತು ಸಂಜೆ ವಾಪಸ್ ಇಟ್ಬುಡಾನ."

ಮೈದುನ ಅತ್ತೆಯ ಕಡೆ ನೋಡಿದ. ಅತ್ತೆ ಮರಿಯ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

"ನಿನ್ನ ಬುಕ್ಕಲ್ಲಿ ಏನು ಬೇಕಾರೂ ಬರ್ಕಂಡಿರ್ಲಿ ಕಣಮ್ಮಿ. ನಾಳೆ ನನ್ ಮಗನ ವರ್ಷ. ಇವತ್ತು ಈ ಮನೆ ಹೊಸಲು ದಾಟ್ಕಂಡು ಒಂದು ಜೀವ ಬಂದದೆ. ಅದ ಆಚಿಕಾಕು ಅಂತೀಯಾ?"

ಅವರ ಮನಸ್ಸಿನಲ್ಲಿ ಏನಿತ್ತೆಂದು ಎಲ್ಲರಿಗೂ ತಿಳಿಯಿತು. ನಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತೆಗೆ ಎದುರು ಮಾತಾಡಿದವಳಲ್ಲ. ಅವತ್ತಂತೂ ಮಾತಾಡುವ ಮನಸ್ಸೇ ಬರಲಿಲ್ಲ.

"ಹಾಲು ಕುಡೀದಿದ್ರೆ ಹೋಗ್ಬುಡ್ತದೆ ಅಜ್ಜಿ," ಎಂದಳು ಹುಡುಗಿ ಮೆಲ್ಲಗೆ.

"ಕುಡೀತದೆ ಬುಡು. ನನ್ ಕೈಯಲ್ಲಿ ಕುಡೀದೇ ಇರೋ ಮಗು ಯಾವ್ದು?"

ಅತ್ತೆ ಅಟ್ಟದಿಂದ ಒಳಲೆ ತೆಗೆಸಿದರು. ಒಳಲೆಯನ್ನು ನೀವು ನೋಡಿರಲಾರಿರಿ. ಎಳೆ ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು ಅದು. ನಿಮ್ಮ ತಾತ ಅದರಲ್ಲೇ ಹಾಲು ಕುಡಿದು ಬೆಳೆದವರು. ಹಸುವಿನ ಹಾಲನ್ನು ಬೆಚ್ಚಗೆ ಮಾಡಿ, ಮರಿಯನ್ನು ಮಡಿಲಿಗೆ ಹಾಕಿಕೊಂಡು ಒಳಲೆಯ ಮೂತಿಯನ್ನು ಬಾಯಿಗೆ ಇಟ್ಟರು. ಹಾಲು ಕಟವಾಯಿಯಿಂದ ಇಳಿದು ಅವರ ಸೀರೆಗೆ ಸುರಿಯಿತು. ಮತ್ತೆ ಇಟ್ಟರು, ಮತ್ತೆ ಸುರಿಯಿತು.

"ನೋಡು, ಎಷ್ಟು ಸಾಧು. ಒದ್ದಾಡದೂ ಇಲ್ಲ," ಅಂದರು ಅತ್ತೆ.

ಹುಡುಗಿ ನನ್ನ ಕೈ ಹಿಡಿದು ಅದರ ಪಕ್ಕೆಗೆ ತೋರಿಸಿದಳು. ಹಳದಿ ಚರ್ಮದ ಕೆಳಗೆ ಎದೆ ಹೊಡೆದುಕೊಳ್ಳುತ್ತಿದ್ದುದು ಕಣ್ಣಿಗೇ ಕಾಣುತ್ತಿತ್ತು, ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ. "ಸಾಧು ಅಲ್ಲ ಅಕ್ಕ," ಎಂದು ಕಿವಿಯಲ್ಲಿ ಹೇಳಿದಳು. "ಹೆದರ್ಕಂಡು ಕಲ್ಲಾಗದೆ. ಇವತ್ತು ಸಂಜೆ ಅವಳು ಬಂದು ಹುಡುಕ್ತಾಳೆ. ನಾಳೆನೂ ಹುಡುಕ್ಬೋದು. ಆಮೇಲೆ ಹಾಲು ಬತ್ತಿ, ಬಿಟ್ಬುಡ್ತಾಳೆ."

ಆ ಸಂಜೆ ಅವಳು ಊಟ ಮುಟ್ಟಲಿಲ್ಲ. ಹಿತ್ತಲಲ್ಲಿ ನಿಂತು ಕಾವಲಿನ ಕಡೆಯೇ ನೋಡುತ್ತಿದ್ದಳು.

ಮರುದಿನ ಎಡೆ. ಬೆಳಗ್ಗೆ ಅಡುಗೆಯ ಗಡಿಬಿಡಿಯ ನಡುವೆಯೂ ಅತ್ತೆ ಹತ್ತಾರು ಸಲ ಒಳಲೆ ಹಿಡಿದು ಕೂತರು. ಮರಿಯ ಕತ್ತು ನಿಲ್ಲುತ್ತಿರಲಿಲ್ಲ. ನಿಮ್ಮ ತಾತನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸಿ, ಅದನ್ನು ಹೊತ್ತುಕೊಂಡು ಹೊಲಕ್ಕೆ ಹೋದೆವು. ನಮ್ಮವರನ್ನು ಹೊಲದಲ್ಲೇ ಮಣ್ಣು ಮಾಡುವುದು. ಹುರುಳಿ ಹೊಲದ ಬದಿಯಲ್ಲಿ ಅವರ ಗುಡ್ಡೆ. ನಾನು ತಿಂಗಳುಗಳ ನಂತರ ಹೋಗಿದ್ದೆ. ಗುಡ್ಡೆಯ ಸುತ್ತ ಹುಲ್ಲು ಸವೆದು, ಮಣ್ಣು ನುಣ್ಣಗಾಗಿ, ಒಂದು ದುಂಡನೆಯ ಹಾದಿ ಬಿದ್ದಿತ್ತು. ಏನಿದು ಎಂದು ಮೈದುನನನ್ನು ನೋಡಿದೆ.

"ಅವ್ವ," ಅಂದ ಅವನು. "ದಿನಾ ಸಂಜೆ ಬತ್ತಾಳೆ. ಬಂದು ಸುತ್ತುತಾಳೆ. ಬ್ಯಾಡ ಅಂದ್ರೆ ಕೇಳಲ್ಲ."

ನಿಮ್ಮಪ್ಪನ ಕೈಯಲ್ಲಿ ಪೂಜೆ ಮಾಡಿಸಿ, ಎಡೆ ಇಟ್ಟು, ಕಾಗೆ ಮುಟ್ಟಲೆಂದು ಎಲ್ಲರೂ ದೂರ ನಿಂತೆವು. ಹುಡುಗಿ ನಮ್ಮ ಜೊತೆ ಇರಲಿಲ್ಲ. ನೋಡಿದರೆ ಹೊಲದ ಆ ತುದಿಯಲ್ಲಿ, ಕಾವಲಿನ ಅಂಚಿಗೆ, ನೆಲದ ಮೇಲೆ ಬೋರಲು ಮಲಗಿದ್ದಾಳೆ. ಹಾವು ಗೀವು ಮುಟ್ಟಿತೋ ಎಂದು ನನ್ನ ಜೀವ ಹಾರಿತು. ಅಷ್ಟರಲ್ಲಿ ಎದ್ದು ಕೈ ಬೀಸಿದಳು.

ಅದು ಮರಿ ಸಿಕ್ಕಿದ ಜಾಗ. ಹುರುಳಿ ಕಿತ್ತ ನೆಲ ಮೆತ್ತಗಿತ್ತು. ಮೊರದಷ್ಟು ಜಾಗದಲ್ಲಿ ಮಣ್ಣು ತಗ್ಗಾಗಿ, ಮರಿ ಮಲಗಿದ್ದ ಗುರುತು ಹಾಗೇ ಇತ್ತು. ಅದರ ಸುತ್ತಲೂ ಗೊರಸಿನ ಗುರುತುಗಳು. ಜೋಡಿ ಜೋಡಿ, ಎರಡು ಹುಣಿಸೆ ಬೀಜ ಉದ್ದಕ್ಕೆ ಎಳೆದು ಪಕ್ಕಪಕ್ಕ ಒತ್ತಿದ ಹಾಗೆ, ಮುಂದಕ್ಕೆ ಮೊನಚಾಗಿ. ಹುಡುಗಿ ಮುಟ್ಟದೆ ಮೇಲಿನಿಂದಲೇ ಬೆರಳು ಆಡಿಸುತ್ತ ಓದಿದಳು. ನಾನು ಪುಸ್ತಕ ಓದುವವರನ್ನು ನೋಡಿದ್ದೇನೆ, ನೆಲ ಓದುವವರನ್ನು ಅವತ್ತೇ ನೋಡಿದ್ದು.

"ಇದು ನಿಮ್ಮ ಚಪ್ಪಲಿ ಅಲ್ವಾ ಅಣ್ಣ? ಚಪ್ಪಲಿ ಗುರುತಿನ ಮೇಲೆ ಗೊರಸು ಬಿದ್ದದೆ. ಅಂದ್ರೆ ನೀವು ಮರಿ ತಗೊಂಡು ಹೋದ ಮೇಲೆ ಬಂದವ್ಳೆ. ಮೊನೆ ಯಾವ ಕಡೆಗದೋ ಆ ಕಡೆಗೆ ಮುಖ. ಕಾವಲಿಂದ ಸೀದಾ ಇಲ್ಲಿಗೇ ಬಂದವ್ಳೆ. ಇಲ್ಲಿ ನಿಂತು ಮೂಸವ್ಳೆ. ಇಲ್ಲಿ ನೋಡಿ, ಮಣ್ಣು ಹಾರೋಗದೆ, ಕಾಲು ಕುಟ್ಟವ್ಳೆ. ಮತ್ತೆ ಹೋಗವ್ಳೆ, ಮತ್ತೆ ಬಂದವ್ಳೆ. ಇವು ನಿನ್ನೇವು. ಇವು ಇವತ್ತು ಬೆಳಿಗ್ಗೇವು, ಇಬ್ಬನಿ ಬಿದ್ದ ಮೇಲೆ ಒತ್ತಿರೋವು..."

ಅತ್ತೆ ನಮ್ಮ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಅವರು ಬಗ್ಗಿ ನೋಡಿದರು. ಆ ಗೊರಸುಗಳು ಬರಿಯ ತಗ್ಗನ್ನು ನಡುವಿಗಿಟ್ಟುಕೊಂಡು ದುಂಡಗೆ ಸುತ್ತಿ, ಸುತ್ತಿ, ಒಂದರ ಮೇಲೊಂದು ಬಿದ್ದು ಹಾದಿಯಾಗಿದ್ದವು. ಅತ್ತೆ ಬಹಳ ಹೊತ್ತು ನೋಡಿದರು. ತಲೆಯೆತ್ತಿ ಹೊಲದ ಆ ಬದಿಗೆ, ಮಗನ ಗುಡ್ಡೆಯ ಕಡೆ ನೋಡಿದರು.

"ಇವ್ಳೂ ನನ್ನಂಗೇ ಸುತ್ತವ್ಳೆ," ಅಂದರು.

ಮನೆಗೆ ಬಂದು, ಅತ್ತೆ ತಮ್ಮ ಕೈಯಾರೆ ಗೆಜ್ಜೆ ಬಿಚ್ಚಿದರು. ದಾರದ ಗಂಟು ಬಿಗಿಯಾಗಿತ್ತು. ಹಲ್ಲಿನಲ್ಲಿ ಕಚ್ಚಿ ಬಿಡಿಸಿದರು. ಕಷ್ಟವಿದ್ದದ್ದು ಅರಿಶಿನದ್ದು. ಮತ್ತೆ ನೀರು ಹಾಕಿದರೆ ಶೀತಕ್ಕೇ ಸತ್ತುಹೋದೀತು. ತಾಯಿ ಮರಿಯನ್ನು ಗುರುತಿಸುವುದು ವಾಸನೆಯಿಂದ ಎಂದು ಹುಡುಗಿ ಹೇಳಿದ್ದಳು. ನಮ್ಮ ಕೈ, ಮೈದುನನ ಟವಲು, ಹಸುವಿನ ಹಾಲು, ಅರಿಶಿನ, ಕುಂಕುಮ, ಸಾಂಬ್ರಾಣಿಯ ಹೊಗೆ, ಎಲ್ಲ ಅದರ ಮೈಗೆ ಮೆತ್ತಿಕೊಂಡಿದ್ದವು.

"ಸೇರಿಸ್ಕಳ್ತದಾ?" ಎಂದು ಅತ್ತೆ ಕೇಳಿದರು. ಹಿಂದಿನ ದಿನದ ಗಡಸು ಅವರ ದನಿಯಲ್ಲಿರಲಿಲ್ಲ.

"ಗೊತ್ತಿಲ್ಲ ಅಜ್ಜಿ. ಅರಿಶಿನದ ವಿಚಾರ ನಮ್ಮ ಯಾವ ಬುಕ್ಕಲ್ಲೂ ಬರ್ದಿಲ್ಲ."

ಅಷ್ಟು ದುಃಖದ ನಡುವೆಯೂ ಮೈದುನನಿಗೆ ನಗು ಬಂತು. "ಇನ್ ಮ್ಯಾಲೆ ನೀನೇ ಬರ್ಕಳವ್ವ," ಅಂದ.

ಒಂದು ಮಂಕರಿಗೆ ಕಾವಲಿನ ಹುಲ್ಲು ತುಂಬಿದರು. ಮರಿ ಮಲಗಿದ್ದ ಜಾಗದ ಮಣ್ಣನ್ನೇ ತಂದು ಅವಳು ಅದರ ಮೈಗೆ ಉಜ್ಜಿದಳು. ಒಣ ಹುಲ್ಲಿನ ಸಿವುಡಿನಿಂದ ಒರೆಸಿದಳು, ಮತ್ತೆ ಮಣ್ಣು ಹಾಕಿ ಉಜ್ಜಿದಳು. ಹಳದಿ ಸ್ವಲ್ಪ ಮಂಕಾಯಿತು, ಹೋಗಲಿಲ್ಲ. ಹೊತ್ತು ಇಳಿಯುವ ಮುಂಚೆ ಮಂಕರಿ ಹೊತ್ತುಕೊಂಡು ಹೋಗಿ ಅದೇ ತಗ್ಗಿನಲ್ಲಿ ಮಲಗಿಸಿ, ದೂರದಲ್ಲಿ ಗಾಳಿಗೆ ಎದುರಾಗಿ, ಕತ್ತಾಳೆ ಬೇಲಿಯ ಮರೆಯಲ್ಲಿ ಕೂತೆವು. ಅತ್ತೆ, ಮೈದುನ, ಅವಳು, ನಾನು. ನಿಮ್ಮಪ್ಪ ಚಿಕ್ಕಪ್ಪನ ಮಕ್ಕಳ ಜೊತೆ ಆಟಕ್ಕೆ ಹೋಗಿದ್ದ. ಮಕ್ಕಳು ಸದ್ದು ಮಾಡುತ್ತವೆಂದು ಯಾರೂ ಕರೆಯಲಿಲ್ಲ. ಅವನಿಗೆ ಇವತ್ತಿಗೂ ಅದೊಂದು ಸಿಟ್ಟು.

ಕಾವಲಿನ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಹೊತ್ತು ಕೆಳಗಿಳಿದು ಬೆಳಕು ಅಡ್ಡಡ್ಡ ಬಿದ್ದಾಗ, ಏನೂ ಇಲ್ಲದ ಬಯಲಲ್ಲಿ ಅವು ಇದ್ದವು. ಬಂದದ್ದನ್ನು ನಾನು ನೋಡಲಿಲ್ಲ. ಹುಲ್ಲೇ ಎದ್ದು ನಿಂತ ಹಾಗೆ ಆಯಿತು. ಹೆಣ್ಣುಗಳು ಮಣ್ಣಿನ ಬಣ್ಣ. ಅವುಗಳ ಆಚೆ ಒಂದು ಗಂಡು. ಮಕ್ಕಳೇ, ಅದನ್ನು ಹೇಗೆ ಹೇಳಲಿ... ಮೈ ಕಾಡಿಗೆ ಕಪ್ಪು, ಹೊಟ್ಟೆ ಸುಣ್ಣದ ಬಿಳುಪು, ಕಣ್ಣ ಸುತ್ತ ಬಿಳಿಯ ಉಂಗುರ. ಕೊಂಬುಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಆಕಾಶಕ್ಕೆ ಹೋಗಿದ್ದವು. ಅದು ತಲೆಯನ್ನು ಹಿಂದಕ್ಕೆ ಚೆಲ್ಲಿ ನಿಂತಿತ್ತು. ನಮ್ಮ ಹೊಲದ ಪಕ್ಕದಲ್ಲಿ, ನಾವು ಹುರುಳಿ ಕೀಳುವ, ಬೆರಣಿ ಆರಿಸುವ ಜಾಗದಲ್ಲಿ ಇಂಥದ್ದು ಇತ್ತು. ಮದುವೆಯಾಗಿ ಬಂದಾಗಿನಿಂದ ನಾನು ಅದನ್ನು ದನದ ಹಿಂಡು ನೋಡಿದ ಹಾಗೆ ನೋಡಿ ಮುಂದೆ ಹೋಗಿದ್ದೆ.

ಹುಡುಗಿಯ ಬೆರಳುಗಳು ನನ್ನ ಮುಂಗೈಯನ್ನು ಕಚ್ಚಿ ಹಿಡಿದವು.

ಒಂದು ಹೆಣ್ಣು ಹಿಂಡಿನಿಂದ ಬೇರೆಯಾಯಿತು. ಸೀದಾ ಬರಲಿಲ್ಲ. ನಾಲ್ಕು ಹೆಜ್ಜೆ ಬಂದು ನಿಂತಿತು, ಮೇಯುವ ಹಾಗೆ ತಲೆ ತಗ್ಗಿಸಿ ಥಟ್ಟನೆ ಎತ್ತಿ ನೋಡಿತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ನಾಲ್ಕು ಹೆಜ್ಜೆ. ತಗ್ಗಿನ ಹತ್ತಿರ ಬಂತು. ಮೂಗು ಚಾಚಿತು. ತಕ್ಷಣ ಕಾಲು ಕುಟ್ಟಿ ಹಿಂದಕ್ಕೆ ಹಾರಿತು. ಓಡಿಯೇ ಹೋಯಿತು, ಹಿಂಡಿನವರೆಗೂ. ನನ್ನ ಪಕ್ಕದಲ್ಲಿ ಅತ್ತೆಯ ಬಾಯಿಂದ ಉಸಿರು ಹೊರಬಿದ್ದ ಸದ್ದು ಕೇಳಿಸಿತು.

ಅರಿಶಿನ... ನಾಲ್ಕು ಜನರ ಎದೆಯಲ್ಲೂ ಅದೇ ಇತ್ತೆಂದು ಕಾಣುತ್ತದೆ.

ಮರಿ ಅಲ್ಲಾಡಲಿಲ್ಲ. ಹೊತ್ತು ಮುಳುಗಿ ಬೆಳಕು ಮಾತ್ರ ಉಳಿದಿತ್ತು. ಹಿಂಡು ಆಚೆಗೆ ಸರಿಯತೊಡಗಿತು. ಆ ಹೆಣ್ಣು ಹಿಂಡಿನ ಜೊತೆ ಸ್ವಲ್ಪ ದೂರ ಹೋಯಿತು, ನಿಂತಿತು, ತಿರುಗಿತು. ಈ ಸಲ ನಡುವೆ ನಿಲ್ಲಲಿಲ್ಲ. ಬಂದು, ಕತ್ತು ಉದ್ದಕ್ಕೆ ಚಾಚಿ, ಮೈಯನ್ನು ಹಿಂದಕ್ಕೇ ಇಟ್ಟುಕೊಂಡು ಮೂಸಿತು. ಕಿವಿಯ ಹತ್ತಿರ, ಬೆನ್ನಿನ ಮೇಲೆ, ಬಾಲದ ಕೆಳಗೆ. ಬಾಲದ ಕೆಳಗೆ ಬಹಳ ಹೊತ್ತು. ಆಮೇಲೆ ನೆಕ್ಕಿತು. ಒಂದು ಸಲ ನೆಕ್ಕಿ ತಲೆ ಕೊಡವಿತು, ಮತ್ತೆ ನೆಕ್ಕಿತು. ನಾವು ಒಂದೂವರೆ ದಿನದಿಂದ ಕಲ್ಲು ಎಂದುಕೊಂಡಿದ್ದ ಆ ಮರಿ ನಡುಗುತ್ತ ನಾಲ್ಕು ಕಡ್ಡಿಗಳ ಮೇಲೆ ಎದ್ದು ನಿಂತಿತು. ಬಿತ್ತು, ಎದ್ದಿತು, ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿ ಗುದ್ದಿತು. ಬಾಲ ಪಟಪಟ ಆಡುವುದು ಅಷ್ಟು ದೂರಕ್ಕೂ ಕಂಡಿತು.

"ಅರಿಶಿನನೂ ನೆಕ್ಬುಟ್ಲು," ಎಂದು ಅತ್ತೆ ಪಿಸುಗುಟ್ಟಿದರು.

ಹುಡುಗಿ ಅಳುತ್ತಿದ್ದಳು, ಸದ್ದಿಲ್ಲದೆ, ಕಣ್ಣು ಮಾತ್ರ ಅಲ್ಲಿಂದ ಕೀಳದೆ. ಪುಸ್ತಕದಲ್ಲಿ ಓದಿದ್ದು ನಿಜವಾಯಿತು ಎಂದಲ್ಲ. ಅವಳೇ ಆಮೇಲೆ ಹೇಳಿದಳು: "ಅವಳು ವಾಪಸ್ ತಿರುಗಿದ್ಲಲ್ಲ ಅಕ್ಕ, ಹಿಂಡು ಬಿಟ್ಟು... ಅದು ಎಲ್ಲೂ ಬರ್ದಿಲ್ಲ."

ವಾಪಸು ಬರುವಾಗ ಅತ್ತೆ ಗುಡ್ಡೆಯ ಹತ್ತಿರ ನಿಂತರು. ಅವತ್ತು ಅವರು ಸುತ್ತಲಿಲ್ಲ. ಅದರ ಪಕ್ಕದಲ್ಲಿ ಕಾಲು ಚಾಚಿಕೊಂಡು, ಮಗನ ಜೊತೆ ಜಗಲಿಯ ಮೇಲೆ ಕೂತ ಹಾಗೆ, ಸುಮ್ಮನೆ ಸ್ವಲ್ಪ ಹೊತ್ತು ಕೂತು ಎದ್ದು ಬಂದರು.

ಹುಡುಗಿ ಓದು ಮುಗಿಸಿ, ಬಿ.ಇಡಿ. ಮಾಡಿ ಹೈಸ್ಕೂಲು ಟೀಚರ್ ಆದಳು. ಊರ ಹತ್ತಿರ ಬೇಡ, ಕಾಡಿನ ಅಂಚಿಗೆ ಇರುವ ಶಾಲೆ ಕೊಡಿ ಎಂದು ಕೇಳಿ ಚಾಮರಾಜನಗರದ ಕಡೆಗೆ ಹೋದಳು. ಒಂದೆರಡು ಸಲ ರಜೆಯಲ್ಲಿ ಬಂದು ಹೋದಳು. ಅಡುಗೆಮನೆಯಲ್ಲಿ ಕೂತು, ಶಾಲೆಯ ಮಕ್ಕಳಿಗೆ ನೆಲ ಓದುವುದನ್ನು ಕಲಿಸುತ್ತಿದ್ದೇನೆ ಎಂದಿದ್ದಳು. ಆಮೇಲೆ ನಾವು ಮನೆ ಬದಲಾಯಿಸಿದೆವು. ಎರಡು ಸಾವಿರದ ಹತ್ತು ಕಳೆದ ಮೇಲೆ, ನಿಮ್ಮಪ್ಪನ ಮದುವೆಗೆ ಕರೆಯಲು ಹೋದಾಗ ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಅವಳ ಅಣ್ಣ ಸಿಕ್ಕಿದರು. ಅವಳಿಗೂ ಒಂದು ಪತ್ರಿಕೆ ಕೊಡಲೆಂದು ಚೀಲಕ್ಕೆ ಕೈ ಹಾಕಿದೆ. ಅವರು ನನ್ನ ಕೈಯನ್ನೇ ನೋಡುತ್ತಾ ನಿಂತರು. ಅವಳು ಮೆದುಳು ಜ್ವರದಲ್ಲಿ ಹೋಗಿ ವರ್ಷವಾಗಿತ್ತಂತೆ... ನಾನು ಚೀಲದಿಂದ ಕೈ ತೆಗೆಯಲೇ ಇಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಅತ್ತೆ ಹೋಗಿ ಬಹಳ ವರ್ಷವಾಯಿತು. ಮೈದುನ ಕೊರೊನಾದಲ್ಲಿ ಹೋದ. ಈ ಸಲ ಸಂಕ್ರಾಂತಿ ಆದ ಮೇಲೆ ನಿಮ್ಮಪ್ಪ ಊರಿಗೆ ಕರೆದುಕೊಂಡು ಹೋಗಿದ್ದ. ಕಾವಲು ಇದ್ದ ಕಡೆ ಮೊದಲು ನೀಲಗಿರಿ ಹಾಕಿದ್ದರು, ಈಗ ಅದನ್ನೂ ಕಡಿದು ತಂತಿ ಬೇಲಿ ಎಳೆದಿದ್ದಾರೆ. ಗೇಟಿನ ಹತ್ತಿರ ಒಬ್ಬ ಹುಡುಗ ಸ್ಟೂಲು ಹಾಕಿಕೊಂಡು ಮೊಬೈಲು ನೋಡುತ್ತಿದ್ದ. ಅಪರಿಚಿತರನ್ನು ಮಾತಾಡಿಸುವುದು ನನ್ನ ಸ್ವಭಾವವಲ್ಲ. ಆದರೂ ಕೇಳಿದೆ. ಇಲ್ಲಿ ಕೃಷ್ಣಮೃಗ ಏನಾದರೂ ಕಾಣುತ್ತವೆಯೇ?

"ಇಲ್ಲೆಲ್ಲಜ್ಜಿ? ಮೈಸೂರು ಝೂಗೆ ಹೋಗಿ," ಅಂದ. "ಇಲ್ಲಿ ಯಾವತ್ತೂ ಇರ್ಲಿಲ್ಲ."

ಇದ್ದವು ಎಂದು ನಾನು ಹೇಳಲಿಲ್ಲ. ಹೇಳಿದ್ದರೂ ಹೌದು ಎನ್ನಲು ಜೊತೆಗೆ ಯಾರಿದ್ದರು? ಕತ್ತಾಳೆಯ ಮರೆಯಲ್ಲಿ ಕೂತಿದ್ದ ನಾಲ್ವರಲ್ಲಿ ಈಗ ನಾನೊಬ್ಬಳೇ ಇದ್ದೇನೆ.